ಮಾದರಿ ದಡ

ಬೆಳಿಗ್ಗೆ ಹಲ್ಲುಜ್ಜುತ್ತ ನಿಂತಾಗ, ಇವತ್ತೊಂದು ದಿನ ಹೊಟ್ಟೆ ಕೆಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು. ಹೊಟ್ಟೆ ಕೆಟ್ಟರೆ ರಜೆ, ರಜೆ ಹಾಕಿದರೆ ಅಕ್ಕನ ಎದುರು ಕೂರುವುದು ತಪ್ಪುತ್ತದೆ. ಎಡಗೈಯಿಂದ ಹೊಟ್ಟೆಯನ್ನು ಅಲ್ಲಲ್ಲಿ ಒತ್ತಿ ನೋಡಿಕೊಂಡ. ಅದು ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಇಪ್ಪತ್ತಾರು ವರ್ಷದ ಸರ್ಕಾರಿ ನೌಕರಿಯಲ್ಲಿ, ಬೇಕೆಂದಾಗ ಕೆಟ್ಟು ಸಂಜೆ ಐದೂವರೆಗೆ ಸರಿಹೋಗುವಷ್ಟು ಪಳಗಿದ್ದ ಹೊಟ್ಟೆ ಇವತ್ತೇ ಕೈಕೊಟ್ಟಿತ್ತು. ಬಾಯಿ ಮುಕ್ಕಳಿಸಿ ಹೊರಗೆ ಬಂದರೆ ಹೆಂಡತಿ ನಡುಮನೆಯ ಗೋಡೆಯಲ್ಲಿದ್ದ ಪ್ರಶಂಸಾಪತ್ರದ ಗಾಜು ಒರೆಸುತ್ತಿದ್ದಳು. ವಾರಕ್ಕೊಮ್ಮೆ ಅದನ್ನು ಒರೆಸುವುದು ಅವಳ ಪದ್ಧತಿ. ಒರೆಸುತ್ತ ಅವನನ್ನು ಕೆಣಕುವುದೂ ಪದ್ಧತಿಯೇ. ಪತ್ರದಲ್ಲಿ ಅವನನ್ನು ಕುರಿತು 'ಸ್ಥಳದಲ್ಲೇ ನಿಂತು, ಕಣ್ಣಾರೆ ಕಂಡು, ದಡದ ನೈಜ ಸ್ಥಿತಿಯನ್ನು ಚಿತ್ರದಲ್ಲಿ ಹಿಡಿದುಕೊಟ್ಟ ಅಧಿಕಾರಿ' ಎಂದು ಬರೆದಿತ್ತು. ಆರು ವರ್ಷದಿಂದ ಅವನು ತಲೆ ಬಾಚಿಕೊಳ್ಳುತ್ತಿದ್ದದ್ದು ಆ ಗಾಜಿನಲ್ಲೇ. ಬೈತಲೆ ಸರಿಯಾಗಿ 'ಕಣ್ಣಾರೆ ಕಂಡು' ಎಂಬಲ್ಲಿಗೆ ಬರುತ್ತಿತ್ತು.

"ಅಕ್ಕ ಊಟಕ್ಕೆ ಬರ್ತಾರಾ?" ಎಂದಳು ಹೆಂಡತಿ.

"ಗೊತ್ತಿಲ್ಲ."

"ಕರೆದಿದ್ರೆ ತಾನೆ ಗೊತ್ತಾಗೋದು. ನೋಟಿಸು ಮಾತ್ರ ಮರೀದೆ ಕಳಿಸಿದ್ದೀರಿ."

"ಕಳಿಸಿದ್ದು ನಾನಲ್ಲ, ಇಲಾಖೆ."

"ಸಹಿನೂ ಇಲಾಖೆನೇ ಹಾಕ್ತೇನೋ." ಅವಳು ಬಟ್ಟೆ ಕೊಡವಿದಳು. "ಓದೋಕೆ ಅಂತ ಮಾಡಿಸಿದ ಕನ್ನಡಕ. ಸಹಿ ಹಾಕುವಾಗ ಮಾತ್ರ ಹಣೆ ಮೇಲೆ. ಕಾಗದದಲ್ಲಿ ಏನಿದೆ ಅಂತ ನಿಮಗೇ ಗೊತ್ತಾಗಬಾರದು, ಅಲ್ವಾ."

ಅವಳು ಹೇಳಿದ್ದು ನಿಜ. ಯಾವಾಗ ಶುರುವಾಯಿತೋ ಅವನಿಗೇ ನೆನಪಿಲ್ಲ, ಪೆನ್ನು ಬಲಗೈಗೆ ಬಂದ ಕೂಡಲೇ ಎಡಗೈ ತಾನಾಗಿಯೇ ಮೇಲೆದ್ದು ಕನ್ನಡಕವನ್ನು ಹಣೆಗೆ ಏರಿಸಿಬಿಡುತ್ತಿತ್ತು. ಆಗ ಕಾಗದದ ಮೇಲಿನ ಸಾಲುಗಳೆಲ್ಲ ಇರುವೆಗಳ ಹಾಗೆ ಹರಿದಾಡಿ ಹೋಗಿ, ಸಹಿ ಹಾಕುವ ಖಾಲಿ ಜಾಗವೊಂದು ಮಾತ್ರ ಬೆಳ್ಳಗೆ ಉಳಿಯುತ್ತಿತ್ತು. ಅದರಲ್ಲಿ ಒಂದು ಸುಖವೂ ಇತ್ತು. ಹದಿನೈದು ದಿನದ ಹಿಂದೆ ಅಕ್ಕನಿಗೆ ಹೋದ ವಿಚಾರಣೆಯ ನೋಟಿಸಿಗೂ ಹಾಗೇ ಸಹಿ ಬಿದ್ದಿತ್ತು. ಬಿದ್ದ ಮೇಲೆ ಕನ್ನಡಕ ಇಳಿಸಿ ಹೆಸರು ನೋಡಿದ್ದ. ಹರಿದು ಹಾಕಬಹುದಿತ್ತು, ಆದರೆ ಜವಾನ ಆಗಲೇ ಮೊಹರು ಒತ್ತಿಯಾಗಿತ್ತು ಎಂದು ತನಗೆ ತಾನೇ ಹೇಳಿಕೊಂಡ. ಮೊಹರು ಒತ್ತಿರಲಿಲ್ಲ. ಜವಾನ ಆಗ ಟೀ ತರಲು ಹೋಗಿದ್ದ.

ಬೂಟು ಹಾಕಿಕೊಂಡು ಮೂಲೆಯಲ್ಲಿದ್ದ ಕೋಲು ತೆಗೆದುಕೊಂಡ. ಒಂದೊಂದು ಗೇಣಿಗೆ ಕೆಂಪು ಬಿಳಿ ಪಟ್ಟೆ ಬಳಿದ ಅಳತೆಯ ಕೋಲು. ಇವತ್ತು ಯಾವ ಹೊಲಕ್ಕೂ ಹೋಗುವುದಿರಲಿಲ್ಲ, ಆದರೂ ಕೈಯಲ್ಲಿ ಅದಿಲ್ಲದೆ ಬೀದಿಗೆ ಇಳಿದರೆ ಅಂಗಿ ಹಾಕಿಕೊಳ್ಳದೆ ಬಂದ ಹಾಗಾಗುತ್ತಿತ್ತು. ರೈತರು ಅವನಿಗೆ ಕೋಲುಸಾಹೇಬ ಎಂದೇ ಹೆಸರಿಟ್ಟಿದ್ದರು. ಹಳ್ಳದ ಪಕ್ಕದ ಹೊಲದವರು ದಡದ ಉದ್ದಕ್ಕೂ ಇಪ್ಪತ್ತು ಹೆಜ್ಜೆ ಅಗಲದ ಪಟ್ಟಿಯನ್ನು ಉಳದೆ, ಬಿತ್ತದೆ, ಅದರ ಪಾಡಿಗೆ ಅದನ್ನು ಬಿಟ್ಟರೆ ಮಣ್ಣು ಕೊಚ್ಚಿ ಹೋಗುವುದಿಲ್ಲ, ಹುಳ ಹಕ್ಕಿ ಉಳಿಯುತ್ತವೆ ಎಂದು ಸರ್ಕಾರ ವರ್ಷಕ್ಕಿಷ್ಟು ಎಂದು ಪ್ರೋತ್ಸಾಹಧನ ಕೊಡುತ್ತಿತ್ತು. ನಿಜವಾಗಿಯೂ ಬಿಟ್ಟಿದ್ದಾರೋ ಇಲ್ಲವೋ ಎಂದು ನೋಡಲು ಅವನು. ಪಟ್ಟಿಯ ನಡುವೆ ಕೋಲು ನಿಲ್ಲಿಸಬೇಕು, ಫೋಟೋ ತೆಗೆಯಬೇಕು, ಕಡತಕ್ಕೆ ಅಂಟಿಸಬೇಕು. ಯೋಜನೆ ಬಂದ ವರ್ಷ ಅಕ್ಕ ಇದನ್ನೆಲ್ಲ ಕೇಳಿ, "ಏನೂ ಮಾಡದೆ ಸುಮ್ನೆ ಇರೋದಕ್ಕೆ ದುಡ್ಡು ಕೊಡ್ತಾರಾ? ಹಾಗಾದ್ರೆ ಮೊದಲು ನಿಮ್ಮ ಆಫೀಸಿನವರಿಗೆ ಕೊಡ್ಬೇಕು" ಎಂದು ನಕ್ಕಿದ್ದಳು. ಅವನೂ ನಕ್ಕಿದ್ದ. ಅರ್ಜಿಯನ್ನು ಅವನೇ ತುಂಬಿಸಿಕೊಟ್ಟಿದ್ದ.

ಬೀದಿಯ ತಿರುವಿನಲ್ಲಿ ಬೀಜದ ಅಂಗಡಿ. ಇದನ್ನು ತಪ್ಪಿಸಲು ಒಂದು ಕಾಲದಲ್ಲಿ ಸುತ್ತುಬಳಸಿನ ದಾರಿ ಹಿಡಿಯುತ್ತಿದ್ದ, ಆಮೇಲೆ ಮೊಣಕಾಲು ನೋವು ಬಂದು ನಾಚಿಕೆಯನ್ನು ಸೋಲಿಸಿತು. ಅಂಗಡಿಯ ಬಾಗಿಲಲ್ಲಿ 'ಮಾದರಿ ದಡ' ಹುಲ್ಲಿನ ಬೀಜದ ಪೊಟ್ಟಣಗಳು ಸಾಲಾಗಿ ನೇತಾಡುತ್ತಿದ್ದವು. ಪ್ರತಿ ಪೊಟ್ಟಣದ ಮೇಲೂ ಅದೇ ಚಿತ್ರ: ಸೊಂಟದೆತ್ತರದ ಒತ್ತಾದ ಹಸಿರು ಹುಲ್ಲು, ಎಣ್ಣೆ ಹಚ್ಚಿದಂಥ ಹೊಳಪು, ನಡುವೆ ಕೆಂಪು ಬಿಳಿ ಕೋಲು. "ನಿಮ್ಮಿಂದಾಗಿ ನಮ್ಮ ಮಕ್ಕಳು ಓದಿದ್ರು ಸಾಹೇಬ್ರೇ" ಎಂದು ಅಂಗಡಿಯವನು ಒಳಗಿನಿಂದಲೇ ಕೈಮುಗಿದ. ಅವನು ಕೋಲನ್ನು ಸ್ವಲ್ಪ ಎತ್ತಿ ತೋರಿಸಿದ. ಯಾವಾಗಲೂ ಎತ್ತುತ್ತಿದ್ದದ್ದೂ ಅಷ್ಟೇ.

ಆ ಚಿತ್ರ ತೆಗೆದ ದಿನ ಮಳೆ ಹಿಡಿದಿತ್ತು. ಮೊದಲ ವರ್ಷ, ಕಡತಗಳು ಹೊರಡಬೇಕಾದ ಕೊನೆಯ ದಿನ, ಉಳಿದಿದ್ದದ್ದು ನಿವೃತ್ತ ಮೇಷ್ಟರೊಬ್ಬರ ಹೊಲ ಒಂದೇ. ಸೇತುವೆ ಮುಳುಗಿ ಅಲ್ಲಿಗೆ ಹೋಗುವ ಹಾಗಿರಲಿಲ್ಲ. ಅವನು ಕಿಟಕಿಯಲ್ಲಿ ನಿಂತು ಪೇಚಾಡುತ್ತಿದ್ದಾಗ ಜವಾನ ಪಕ್ಕಕ್ಕೆ ಬಂದು ಹೊರಗೆ ನೋಡಿ, "ಹುಲ್ಲು ಅಂದ್ರೆ ಹುಲ್ಲೇ ತಾನೆ ಸಾರ್. ನಮ್ಮ ಹಿಂದುಗಡೆ ಇರೋದೇನು ಕಬ್ಬಿಣಾನಾ?" ಎಂದ. ಕಚೇರಿಯ ಹಿಂದೆ ಕಕ್ಕಸು, ಕಕ್ಕಸಿನ ಹಿಂದೆ ಒಡೆದ ಗುಂಡಿ, ಗುಂಡಿಯಿಂದ ವರ್ಷವಿಡೀ ಒಸರುವ ನೀರು. ಆ ನೀರು ಕುಡಿದ ಹುಲ್ಲು ಇಡೀ ಸೀಮೆಯಲ್ಲಿ ಇಲ್ಲದಷ್ಟು ಸೊಕ್ಕಿ ನಿಂತಿತ್ತು. ಜವಾನ ಕೊಡೆ ಒಂದು ಕೈಯಲ್ಲಿ, ಕೋಲು ಒಂದು ಕೈಯಲ್ಲಿ ಹಿಡಿದ. ಅವನು ಮೂಗು ಮುಚ್ಚಿಕೊಂಡು ಒಂದೇ ಒಂದು ಫೋಟೋ ತೆಗೆದ. ಅವನು ಮಾಡಿದ ಅಪರಾಧ ಅಷ್ಟೇ, ಒಂದು ಫೋಟೋ. ಉಳಿದದ್ದನ್ನೆಲ್ಲ ಇಲಾಖೆ ಮಾಡಿತು. ಮೇಲಿನ ಕಚೇರಿಯಲ್ಲಿ ಸಾವಿರಾರು ಕಡತಗಳ ಒಣಕಲು ದಡಗಳ ನಡುವೆ ಈ ಹುಲ್ಲು ಯಾರದೋ ಕಣ್ಣಿಗೆ ಬಿತ್ತು. ಕೈಪಿಡಿಯ ಮುಖಪುಟವಾಯಿತು. ದಡ ಹೇಗಿರಬೇಕು ಎಂಬುದಕ್ಕೆ ಇದೇ ಮಾದರಿ ಎಂದು ಸುತ್ತೋಲೆ ಬಂತು. ಅವನಿಗೆ ಪ್ರಶಂಸಾಪತ್ರ ಬಂತು. ಆಗ ಬಾಯಿಬಿಡಬಹುದಿತ್ತು. ಸಮಾರಂಭಕ್ಕೆ ಹೊಸ ಕೋಟು ಹೊಲಿಸಿಯಾಗಿತ್ತು.

ಅಲ್ಲಿಂದ ಮುಂದೆ ದಡಗಳೆಲ್ಲ ಆ ಚಿತ್ರವನ್ನು ಹೋಲತೊಡಗಿದವು. ಮೊದಲು ರೈತರು ತಮ್ಮ ಪಟ್ಟಿಯಲ್ಲಿದ್ದ ಮುಳ್ಳುಕಂಟಿ ಕಿತ್ತರು, ಆಮೇಲೆ ನೆಲವನ್ನು ಉತ್ತು ಈ ಬೀಜ ಬಿತ್ತಿದರು, ಹುಲ್ಲು ಏಳದಿದ್ದಾಗ ಗೊಬ್ಬರ ಸುರಿದರು, ಕೊನೆಗೆ ಕೊಳಚೆ ನೀರನ್ನೇ ಕಾಲುವೆ ತೋಡಿ ಹರಿಸಿದರು. ಉಳಬಾರದು ಎಂದು ಕೊಟ್ಟ ಹಣದಿಂದಲೇ ಉಳುಮೆ ನಡೆಯಿತು. ಹಳ್ಳದ ಎರಡೂ ಬದಿ ಈಗ ಅವನ ಕಚೇರಿಯ ಕಕ್ಕಸಿನ ಹಿಂಭಾಗದ ಹಾಗಿತ್ತು. ಸೈಕಲ್ಲಿನಲ್ಲಿ ಆ ದಾರಿ ಹೋಗುವಾಗ, ಬರಿಯ ನೆಲದ ಮೇಲೆ ಮೊಟ್ಟೆಯಿಡುವ ಟಿಟ್ಟಿಭದ ಕೂಗು ಕೇಳಿ ಎಷ್ಟು ವರ್ಷವಾಯಿತು ಎಂದು ಒಮ್ಮೊಮ್ಮೆ ನೆನಪಾಗುತ್ತಿತ್ತು. ಆ ಹಕ್ಕಿಗೆ ಹುಲ್ಲು ಬೇಡ, ನಾಲ್ಕು ಬೆಣಚುಕಲ್ಲು ಸಾಕು. ಆಗ ಅವನಿಗೆ ಏಳು ವರ್ಷ, ಅಕ್ಕನಿಗೆ ಹನ್ನೊಂದು. ಅವಳು ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ, ನೋಡು, ಅಲ್ಲೇ, ನಿನ್ನ ಕಾಲಿನ ಹತ್ತಿರಾನೇ, ಕಾಣ್ತಾ ಎನ್ನುತ್ತಿದ್ದಾಳೆ. ಅವನಿಗೆ ಕಲ್ಲು ಕಾಣುತ್ತಿದೆ, ಮಣ್ಣು ಕಾಣುತ್ತಿದೆ, ಬೇರೇನೂ ಇಲ್ಲ. ಕಂಡಿತು ಎಂದ. ಎಷ್ಟು ಮೊಟ್ಟೆ ಇವೆ ಎಂದಳು. ಮೂರು ಎಂದ. ಅವಳು ಕೈ ಬಿಟ್ಟಳು. "ನಾಲ್ಕು" ಎಂದಷ್ಟೇ ಹೇಳಿ ಮುಂದೆ ನಡೆದಳು, ಬೈಯಲಿಲ್ಲ. ಬೈದಿದ್ದರೆ ಇಷ್ಟು ವರ್ಷ ಅದು ನೆನಪಿನಲ್ಲಿ ಉಳಿಯುತ್ತಿರಲಿಲ್ಲ.

ಕಚೇರಿಯ ಮೆಟ್ಟಿಲಲ್ಲೇ ಜವಾನ ಸಿಕ್ಕಿದ. ಆ ಒಂದು ಮಳೆಯ ದಿನದಿಂದೀಚೆಗೆ ಇವನು ಹನ್ನೊಂದಕ್ಕೆ ಮೊದಲು ಬರುತ್ತಿರಲಿಲ್ಲ, ಬಂದರೂ ಮೂರಕ್ಕೆ ಮಾಯ. ಯಾರೂ ಏನೂ ಕೇಳುವ ಹಾಗಿರಲಿಲ್ಲ, ಕೇಳಿದರೆ ಹಾಲ್‌ನಲ್ಲಿ ತೂಗುಹಾಕಿದ್ದ ಆಳೆತ್ತರದ ಚಿತ್ರದ ಕಡೆ ತಿರುಗಿ "ನಮ್ಮ ಫೋಟೋ ಸಾರ್" ಎಂದು ಹಲ್ಲು ಕಿರಿಯುತ್ತಿದ್ದ. ಕೋಲನ್ನು ಹಿಡಿದ ಜವಾನನ ಹೆಬ್ಬೆರಳು ಅದರ ಅಂಚಿನಲ್ಲಿ ಕಾಣುತ್ತಿತ್ತು. ಇವತ್ತು ಮಾತ್ರ ಒಂಬತ್ತೂವರೆಗೇ ಹಾಜರಾಗಿದ್ದ.

"ದೊಡ್ಡ ಸಾಹೇಬ್ರು ಹತ್ತೂವರೆಗೆ ಬರ್ತಾರಂತೆ ಸಾರ್. ವಿಚಾರಣೆ ಹಾಲ್‌ನಲ್ಲೇ, ಫೋಟೋ ಎದುರಿಗೆ. ಕುರ್ಚಿ ಹಾಕಿದ್ದೀನಿ."

"ಅಕ್ಕ ಬಂದ್ರಾ?"

"ಮೊದಲನೇ ಬಸ್ಸಿಗೇ ಬಂದ್ರು." ಜವಾನ ಧ್ವನಿ ತಗ್ಗಿಸಿದ. "ಹಿಂದುಗಡೆ ಹೋಗಿದ್ದಾರೆ ಸಾರ್. ವಯಸ್ಸಾದೋರು, ಬೇಡ ಅನ್ನೋಕಾಗುತ್ತಾ."

ಅವನು ಮೊಣಕಾಲು ನೋವು ಮರೆತು ಮೆಟ್ಟಿಲು ಹತ್ತಿ ತನ್ನ ಮೇಜಿನ ಪಕ್ಕದ ಕಿಟಕಿಗೆ ಹೋದ. ಈ ಹುಲ್ಲನ್ನು ಕುಯ್ಯಿಸಿಬಿಡಬೇಕೆಂದು ಅವನು ಪ್ರಯತ್ನ ಪಟ್ಟಿರಲಿಲ್ಲವೆಂದಲ್ಲ. ಕಚೇರಿಯ ಆವರಣದ ಹುಲ್ಲು ಕುಯ್ಯಿಸಲು ಮೂವರಿಂದ ದರಪಟ್ಟಿ ತರಿಸಬೇಕು, ಕುಯ್ಯುವ ಮುಂಚಿನ ಸ್ಥಿತಿಯ ಫೋಟೋ ಲಗತ್ತಿಸಬೇಕು. ಆ ಫೋಟೋ ಒಂದನ್ನು ಲಗತ್ತಿಸುವ ಧೈರ್ಯವಿಲ್ಲದೆ ಹುಲ್ಲು ಕುಯ್ಯುವ ಕಡತ ಆರು ವರ್ಷದಿಂದ ಅವನ ಮೇಜಿನ ಕೆಳಗಿನ ಖಾನೆಯಲ್ಲಿ ಮಲಗಿತ್ತು. ಕಿಟಕಿಯ ಗಾಜಿನ ಆಚೆ ಅಕ್ಕ ಕಂಡಳು. ಕಂದು ಕೋಟು, ಹೊಲದ ಬೂಟು, ತೋಳಿಗೆ ಬಟ್ಟೆಚೀಲ. ಕಕ್ಕಸಿನಿಂದ ಹೊರಗೆ ಬಂದವಳು ವಾಪಸು ಬರದೆ ಹುಲ್ಲಿನ ಅಂಚಿನಲ್ಲಿ ನಿಂತಿದ್ದಳು. ಬಗ್ಗಿ ಒಂದು ಎಲೆಯನ್ನು ಬೆರಳ ನಡುವೆ ಎಳೆದು ನೋಡಿದಳು. ಬೂಟಿನ ತುದಿಯಿಂದ ನೆಲ ಒತ್ತಿ, ನೀರು ಎಲ್ಲಿಂದ ಬರುತ್ತಿದೆ ಎಂದು ಕಣ್ಣಲ್ಲೇ ಹುಡುಕಿ, ಒಡೆದ ಗುಂಡಿಯನ್ನು ಕಂಡುಹಿಡಿದಳು. ಹುಲ್ಲನ್ನು ನೋಡಿ ನೆಲ ಹೇಳುವವಳು ಅವಳು. ಅವನು ಕಿಟಕಿಯಿಂದ ಹಿಂದಕ್ಕೆ ಸರಿದ. ಸರಿಯುವಾಗ ಮೇಜಿಗೆ ಒರಗಿಸಿದ್ದ ಕೋಲು ಬಿದ್ದು ಸದ್ದಾಯಿತು. ಅವಳು ತಲೆಯೆತ್ತಿ ಕಿಟಕಿಯ ಕಡೆ ನೋಡಿದಳೋ ಏನೋ, ಅಷ್ಟರಲ್ಲಿ ಅವನು ನೆಲದ ಮೇಲೆ ಕೋಲು ಹುಡುಕುತ್ತಿದ್ದ.

ವಿಚಾರಣೆಗೆ ಕುರ್ಚಿಗಳನ್ನು ಹೇಗೆ ಹಾಕಿದ್ದರೆಂದರೆ ದೊಡ್ಡ ಸಾಹೇಬರ ಬೆನ್ನಿಗೆ ಚಿತ್ರ, ಅಕ್ಕನ ಮುಖಕ್ಕೆ ಚಿತ್ರ, ಅವನ ಪಕ್ಕಕ್ಕೆ ಚಿತ್ರ. ಕತ್ತು ತಿರುಗಿಸದೆ ಇದ್ದರೂ ಕಣ್ಣಂಚಿನಲ್ಲಿ ಹಸಿರು ತುಂಬಿಕೊಳ್ಳುತ್ತಿತ್ತು. ದೊಡ್ಡ ಸಾಹೇಬರು ಒಳ್ಳೆಯವರು. ಎಲ್ಲರ ಮಾತನ್ನೂ ಪೂರ್ತಿ ಕೇಳಿ, ಆಮೇಲೆ ಸುತ್ತೋಲೆಯಲ್ಲಿ ಇದ್ದದ್ದನ್ನೇ ಹೇಳುವವರು. ಅವರ ಎಡಕ್ಕೆ ಹೊಸದಾಗಿ ಕೆಲಸಕ್ಕೆ ಸೇರಿದ ಅಧಿಕಾರಿಣಿ, ಇಪ್ಪತ್ತೈದರ ಹುಡುಗಿ. ಸಂಬಂಧಿಕರ ಹೊಲವನ್ನು ತಪಾಸಣೆ ಮಾಡಬಾರದು ಎಂಬ ನಿಯಮವಿರುವುದರಿಂದ ಅಕ್ಕನ ದಡವನ್ನು ಇವಳು ನೋಡಿಬಂದಿದ್ದಳು. ಈ ವರ್ಷದಿಂದ ನಮೂನೆಯಲ್ಲಿ 'ಮಾದರಿ ಚಿತ್ರದೊಂದಿಗೆ ಹೋಲಿಕೆ: ಇದೆ / ಇಲ್ಲ' ಎಂಬ ಹೊಸ ಕಲಂ ಸೇರಿತ್ತು. ಇವಳು ಚಿತ್ರವನ್ನು ಕೈಯಲ್ಲಿ ಹಿಡಿದು, ದಡದಲ್ಲಿ ನಿಂತು, ಎರಡನ್ನೂ ನೋಡಿ, ಪ್ರಾಮಾಣಿಕವಾಗಿ 'ಇಲ್ಲ' ಎಂದು ಬರೆದಿದ್ದಳು. ಆರು ವರ್ಷದಲ್ಲಿ ಯೋಜನೆಯ ಕಾಗದದ ಮೇಲೆ ಬಿದ್ದ ಮೊದಲನೆಯ ನಿಜ ಅದೇ ಇರಬೇಕು, ಅದೂ ಅಕ್ಕನ ಕುತ್ತಿಗೆಗೆ ಬಂದಿತ್ತು.

"ಕೂತ್ಕೊಳ್ಳಿ ಅಮ್ಮ" ಎಂದರು ದೊಡ್ಡ ಸಾಹೇಬರು. "ನಿಮ್ಮ ಮೇಲೆ ಯಾರಿಗೂ ದ್ವೇಷ ಇಲ್ಲ. ನಿಮ್ಮ ಸ್ವಂತ ತಮ್ಮನೇ ಇಲ್ಲಿದ್ದಾರೆ."

"ಇಲ್ಲಿ ಅವರು ಸಾಹೇಬ್ರು" ಎಂದಳು ಅಕ್ಕ. ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಅವನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

"ವರದಿ ಪ್ರಕಾರ ನಿಮ್ಮ ದಡದಲ್ಲಿ ಹುಲ್ಲು ಗೇಣುದ್ದ ಕೂಡ ಇಲ್ಲ. ಅಲ್ಲಲ್ಲಿ ಬರೀ ನೆಲ, ಕಲ್ಲು, ಮುಳ್ಳು. ನೋಡಿಕೊಂಡೇ ಇಲ್ವಲ್ಲ ನೀವು."

"ನೋಡಿಕೊಳ್ಳಬೇಡಿ ಅಂತಾನೇ ಅಲ್ವಾ ಬರೆಸಿಕೊಂಡದ್ದು. ಬಿಟ್ಟಿದ್ದೀನಿ. ಆರು ವರ್ಷದಿಂದ ಗುದ್ದಲಿ ಮುಟ್ಟಿಸಿಲ್ಲ."

"ಬಿಡೋದಕ್ಕೂ ಒಂದು ರೀತಿ ಇದೆ ಅಮ್ಮ" ಎಂದು ದೊಡ್ಡ ಸಾಹೇಬರು ಮೃದುವಾಗಿ ತಿದ್ದಿದರು. ಆಮೇಲೆ ಎರಡು ದಾರಿಗಳನ್ನು ಬಿಡಿಸಿ ಹೇಳಿದರು. ಹದಿನೈದು ದಿನದೊಳಗೆ ದಡವನ್ನು ಉತ್ತು ಮಾದರಿ ಹುಲ್ಲನ್ನು ಬಿತ್ತಲು ಒಪ್ಪಿ ಸಹಿ ಹಾಕುವುದು ಒಂದು. ಒಪ್ಪದಿದ್ದರೆ ಕರಾರು ರದ್ದಾಗಿ, ಆರು ವರ್ಷ ಪಡೆದ ಹಣವನ್ನೆಲ್ಲ ವಾಪಸು ಕಟ್ಟುವುದು. ಆ ಹಣ ಎಲ್ಲಿದೆ ಎಂದು ಅವನಿಗೆ ಗೊತ್ತಿತ್ತು. ಭಾವ ತೀರಿಕೊಂಡ ಮೇಲೆ ಅಕ್ಕ ಸೋರುವ ಸೂರನ್ನು ಕಿತ್ತು ಹೊಸದು ಹಾಕಿಸಿದ್ದಳು. ಹಣ ಅವಳ ತಲೆಯ ಮೇಲಿತ್ತು.

ಅಧಿಕಾರಿಣಿ ಗಂಟಲು ಸರಿಮಾಡಿಕೊಂಡಳು. "ಸರ್, ಒಂದು ವಿಷಯ. ಷರಾ ಕಲಂನಲ್ಲಿ ಬರೆದಿದ್ದೀನಿ. ಅಲ್ಲಿ ಬರೀ ನೆಲದ ಮೇಲೆ ಮೊಟ್ಟೆ ಇದ್ವು, ನಾಲ್ಕು. ಈಗ ಉತ್ತರೆ ಅವು..." ಎಂದು ನಿಲ್ಲಿಸಿ, ಮುಂದಿನದನ್ನು ಅನುಭವಸ್ಥರು ಹೇಳಲಿ ಎಂಬಂತೆ ಅವನ ಕಡೆ ತಿರುಗಿದಳು. ಹಳ್ಳದುದ್ದಕ್ಕೂ ಇರುವ ನಲವತ್ತು ಹೊಲಗಳಲ್ಲಿ ಮೊಟ್ಟೆ ಇರುವುದು ಅದೊಂದೇ ಕಡೆ ಎಂದು ಅವಳಿಗೆ ಗೊತ್ತಿರಲಿಲ್ಲ, ಅವನಿಗೆ ಗೊತ್ತಿತ್ತು. ಹೇಳಬೇಕಾದ ಮಾತು ನಾಲಿಗೆಯ ಬುಡಕ್ಕೆ ಬಂದು ನಿಂತಿತು. ಹೇಳಲು ಅರ್ಧ ನಿಮಿಷ ಸಾಕು. ಆಮೇಲೆ ಪ್ರಶಂಸಾಪತ್ರ ಇಳಿಯುತ್ತದೆ, ಗೋಡೆಯಲ್ಲಿ ಚೌಕನೆಯ ಬಿಳಿ ಗುರುತು ಉಳಿಯುತ್ತದೆ, ಹೆಂಡತಿ ವಾರಕ್ಕೊಮ್ಮೆ ಆ ಗುರುತನ್ನು ನೋಡುತ್ತಾಳೆ. ಕೈಪಿಡಿ ಹಿಂದಕ್ಕೆ ಬರುತ್ತದೆ, ಬೀಜದಂಗಡಿಯವನ ಮಕ್ಕಳು ನಗುತ್ತಾರೆ, ಅವನು ಸಾಯುವವರೆಗೂ ಕಕ್ಕಸುಸಾಹೇಬನಾಗುತ್ತಾನೆ. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು.

"ಮೊಟ್ಟೆ ನಮಗೆ ಬರಲ್ಲ" ಎಂದ. "ಅದು ಬೇರೆ ಇಲಾಖೆ."

ತನ್ನ ಧ್ವನಿ ಇಷ್ಟು ಚೆನ್ನಾಗಿ ಬಂದದ್ದು ನೋಡಿ ಅವನಿಗೇ ಆಶ್ಚರ್ಯವಾಯಿತು. ದೊಡ್ಡ ಸಾಹೇಬರು ಮೆಚ್ಚಿ ತಲೆಯಾಡಿಸಿದರು. ಹುಡುಗಿ ಷರಾ ಕಲಂ ಬರೆದಿದ್ದ ಹಾಳೆಯನ್ನು ಮಡಿಸಿ ಕಡತದ ಕೊನೆಗೆ ಸೇರಿಸಿದಳು. ಅವಳ ಕಿವಿ ಕೆಂಪಗಾಗಿತ್ತು. ಇನ್ನು ನಾಲ್ಕೈದು ವರ್ಷದಲ್ಲಿ ಇವಳೂ ಕನ್ನಡಕವನ್ನು ಹಣೆಗೆ ಏರಿಸುವುದು ಕಲಿಯುತ್ತಾಳೆ ಎಂದುಕೊಂಡ.

"ದಡ ಹೇಗಿರಬೇಕು ಅಂತ ತಿಳೀದಿದ್ರೆ ಅದು ನಿಮ್ಮ ತಪ್ಪಲ್ಲ" ಎನ್ನುತ್ತ ದೊಡ್ಡ ಸಾಹೇಬರು ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿ ಪೆನ್ನಿನಿಂದ ತೋರಿಸಿದರು. "ಇಲ್ಲಿ ನೋಡಿ. ಹೀಗಿರಬೇಕು."

ಅಕ್ಕ ಎದ್ದು ಚಿತ್ರದ ಹತ್ತಿರ ಹೋದಳು. ಹಾಲ್‌ನಲ್ಲಿ ಬೂಟಿನ ಸದ್ದಾಯಿತು. ಅವನು ಅವಳ ಬೆನ್ನನ್ನು ನೋಡುತ್ತ ಕೂತ. ಕೋಟಿನ ಬೆನ್ನಿನಲ್ಲಿ ಒಂದು ಹೊಲಿಗೆ ಬಿಟ್ಟಿತ್ತು. ಹುಲ್ಲಿನ ಒಂದು ಎಲೆ, ಅದರ ನಡುನರ, ಕೋಲಿನ ಬುಡದ ಕಪ್ಪು ಕೆಸರು, ಎಲ್ಲವನ್ನೂ ಅವಳು ಸಾವಕಾಶವಾಗಿ ನೋಡಿದಳು. ಜವಾನನ ಹೆಬ್ಬೆರಳನ್ನು ಕಂಡು, ಬಾಗಿಲ ಬಳಿ ನಿಂತಿದ್ದ ಜವಾನನ ಕೈಯನ್ನೂ ನೋಡಿದಳು. ಜವಾನ ಕೈ ಹಿಂದಕ್ಕೆ ಕಟ್ಟಿಕೊಂಡ. ಒಂದು ಗಳಿಗೆ ಇಡೀ ಕಟ್ಟಡ ಅವಳ ನಾಲಿಗೆಯ ಮೇಲಿತ್ತು. ಅವನಿಗೆ ಅವಳು ಹೇಳಿಬಿಡಲಿ ಎನ್ನಿಸಿತು. ತಾನು ಹೇಳುವುದಕ್ಕಿಂತ ಅದು ಎಷ್ಟೋ ವಾಸಿ, ಆಮೇಲೆ ಅವಳ ಮೇಲೆ ಕೋಪ ಮಾಡಿಕೊಂಡಾದರೂ ಬದುಕಬಹುದು.

"ಚೆನ್ನಾಗಿದೆ" ಎಂದಳು ಅಕ್ಕ, ತಿರುಗದೆ. "ಯಾರ ಹೊಲ ಇದು?"

"ತೆಗೆದವರೇ ಹೇಳಲಿ" ಎಂದು ದೊಡ್ಡ ಸಾಹೇಬರು ಹೆಮ್ಮೆಯಿಂದ ಅವನ ಕಡೆ ಕೈ ಮಾಡಿದರು.

ಈಗ ಅಕ್ಕ ತಿರುಗಿದಳು. ಹನ್ನೊಂದು ವರ್ಷದವಳಾಗಿ ಅವನ ತಲೆ ಬಗ್ಗಿಸಿ ಹಿಡಿದು ಕಾಯುತ್ತಿದ್ದಾಗಿನ ಅದೇ ಮುಖ, ಸುಕ್ಕು ಮಾತ್ರ ಹೊಸದು. ಕಾಣ್ತಾ ಎನ್ನುತ್ತಿತ್ತು ಮುಖ.

"ಮೇಷ್ಟರ ಹೊಲ" ಎಂದ.

ಮೇಷ್ಟರ ಹೊಲದ ದಡ ಬರೀ ಬಂಡೆ ಎಂದು ಅವಳಿಗೆ ಗೊತ್ತು. ಬಂಡೆಯ ಮೇಲೆ ಕೂತು ಇಬ್ಬರೂ ಹಳ್ಳಕ್ಕೆ ಕಾಲು ಇಳಿಬಿಟ್ಟಿದ್ದವರು. ಅವಳು "ಹೌದಾ" ಎಂದಳು. ಮತ್ತೆ ಬಂದು ಕುರ್ಚಿಯಲ್ಲಿ ಕೂತು, ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡು, ಎಲ್ಲಿ ಸಹಿ ಹಾಕಬೇಕು ಎಂದು ಹುಡುಗಿಯನ್ನು ಕೇಳಿದಳು. ಹಾಕುವ ಮುಂಚೆ ಮೊದಲಿನಿಂದ ಕೊನೆಯವರೆಗೆ ಓದಿದಳು, ತುಟಿ ಅಲ್ಲಾಡಿಸುತ್ತ, ಒಂದೊಂದೇ ಸಾಲು. ಅಷ್ಟು ಹೊತ್ತೂ ಎಲ್ಲರೂ ಕಾಯಬೇಕಾಯಿತು. ದೊಡ್ಡ ಸಾಹೇಬರು ಗಡಿಯಾರ ನೋಡಿಕೊಂಡು, ರೈತರು ಇಷ್ಟು ಅರ್ಥ ಮಾಡಿಕೊಂಡು ಸಹಕರಿಸಿದರೆ ಯೋಜನೆಗಳು ಸೋಲುವುದೇ ಇಲ್ಲ ಎಂದರು. ಅವರ ಜೀಪು ಹನ್ನೆರಡಕ್ಕೆ ಹೊರಟಿತು.

ಊಟದ ಹೊತ್ತು. ಹುಡುಗಿ ಡಬ್ಬಿ ತೆಗೆದುಕೊಂಡು ಹೊರಗೆ ಹೋದಳು. ಅವನು ತನ್ನ ಮೇಜಿನ ಮುಂದೆ ಕೂತು, ಅಕ್ಕ ಹೊರಟುಹೋಗಿರಲಿ ಎಂದು ಬಯಸುತ್ತ, ಹೊರಟುಹೋಗಿದ್ದರೆ ಎಂದು ಹೆದರುತ್ತ, ಎರಡೂ ಒಂದೇ ಉಸಿರಿನಲ್ಲಿ ನಡೆಯುತ್ತಿದ್ದಾಗ ಬೂಟಿನ ಸದ್ದು ಕೇಳಿಸಿತು. ಬೂಟಿಗೆ ಹೊಸ ಕೆಸರು ಮೆತ್ತಿಕೊಂಡಿತ್ತು. ಅವಳು ಎದುರಿನ ಕುರ್ಚಿಯಲ್ಲಿ ಕೂರದೆ ಚೀಲವನ್ನು ಮೇಜಿನ ಮೇಲಿಟ್ಟು, ಒಳಗಿನಿಂದ ಒಂದು ಪೊಟ್ಟಣ ತೆಗೆದಳು. ಕಚೇರಿಯ ಕಾಗದ. ಅವಳಿಗೆ ಈಗಷ್ಟೇ ಕೊಟ್ಟ ಆದೇಶದ ಪ್ರತಿಯನ್ನೇ ಮಡಿಸಿ ಪೊಟ್ಟಣ ಕಟ್ಟಿದ್ದಳು. ಮೊಹರು ಹೊರಗಡೆ ಬಂದಿತ್ತು. ಬಾಯಿ ಬಿಚ್ಚಿ ತೋರಿಸಿದಳು: ಹುಲ್ಲಿನ ತೆನೆ ಉದುರಿಸಿದ ಬೀಜ, ಎರಡು ಹಿಡಿ.

"ಅಂಗಡೀಲಿ ದುಡ್ಡು ಕೊಟ್ಟು ಯಾಕೆ ತಗೊಳ್ಳಲಿ" ಎಂದಳು. "ಹಿಂದುಗಡೆ ಬೇಕಾದಷ್ಟಿದೆ."

ಅವನಿಗೆ ನಾಚಿಕೆಯಾಯಿತು, ಅಳು ಬಂತು, ಜೊತೆಗೆ ಇವಳು ಇದನ್ನು ದೊಡ್ಡ ಸಾಹೇಬರು ಹೋದ ಮೇಲೆ ತಂದಳಲ್ಲ ಎಂಬ ನೆಮ್ಮದಿಯೂ ಆಯಿತು. ಆ ನೆಮ್ಮದಿಯೇ ಎಲ್ಲಕ್ಕಿಂತ ಅಸಹ್ಯವಾಗಿತ್ತು. "ಅಕ್ಕ, ಹೇಳಬೇಕು ಅಂತಾನೇ ಇದ್ದೆ" ಎಂದ.

"ಗೊತ್ತು. ಚಿಕ್ಕಂದಿನಿಂದ ನೋಡ್ತಿದ್ದೀನಲ್ಲ."

"ನೀನು ಹೇಳಬಹುದಿತ್ತಲ್ಲ. ಯಾಕೆ ಸಹಿ ಹಾಕ್ದೆ?"

"ನಾನು ಹೇಳಿದ್ರೆ ಕೇಸು ಬಿದ್ದು ನಿನ್ನ ಮನೆ ಹೋಗ್ತಿತ್ತು. ನೀನಾಗೇ ಒಪ್ಪಿಕೊಂಡಿದ್ರೆ ನಿನ್ನ ಪೋಸ್ಟು ಹೋಗ್ತಿತ್ತು, ಅಷ್ಟೇ" ಎಂದು ಅವಳು ಪೊಟ್ಟಣದ ಬಾಯಿ ಮಡಿಸಿದಳು. "ಹೇಳೋದು ನನ್ನ ಕೆಲಸ ಅಲ್ಲ."

"ಕಡತ ತಡ ಮಾಡ್ತೀನಿ" ಎಂದ ಅವನು. ಅವಸರದಲ್ಲಿ ಖಾನೆ ಎಳೆದು ಹುಲ್ಲು ಕುಯ್ಯುವ ಕಡತವನ್ನು ಹೊರಗೆ ತೆಗೆದು ತೋರಿಸಿದ. "ನೋಡು, ಇದನ್ನ ಆರು ವರ್ಷ ತಡ ಮಾಡಿದ್ದೀನಿ. ನಿನ್ನದು ಒಂದು ತಿಂಗಳು ಯಾವ ಲೆಕ್ಕ. ಕಚೇರಿ ಪ್ರತಿಗೆ ನಾನು ಸಹಿ ಹಾಕದಿದ್ರೆ ನಿನ್ನ ಹದಿನೈದು ದಿನ ಶುರುವಾಗೋದೇ ಇಲ್ಲ. ಅಷ್ಟರಲ್ಲಿ ಮೊಟ್ಟೆ ಒಡೆದು ಮರಿ ಆಗುತ್ತೆ. ನಾಲ್ಕೂ ಹಾರಿಹೋಗುತ್ತೆ."

ಅಕ್ಕ ಚೀಲವನ್ನು ತೋಳಿಗೆ ಹಾಕಿಕೊಳ್ಳುತ್ತಿದ್ದವಳು ನಿಂತಳು. "ಎಷ್ಟು?"

"ನಾಲ್ಕು."

"ನೋಡಿದ್ಯಾ?"

"ವರದಿಯಲ್ಲಿದೆ."

"ಮೂರು" ಎಂದಳು ಅಕ್ಕ. "ಮೊನ್ನೆ ಒಂದನ್ನ ಕಾಗೆ ತಗೊಂಡು ಹೋಯ್ತು."

ಬೈಯಲಿಲ್ಲ. ಬಾಗಿಲಿನವರೆಗೆ ಹೋಗಿ, "ಹುಲ್ಲು ಬೆಳೆದ ಮೇಲೆ ಕೋಲು ತಗೊಂಡು ನೀನೇ ಬಾ, ಫೋಟೋ ತೆಗೆಯೋಕೆ. ಬರುವಾಗ ಕನ್ನಡಕ ಹಾಕ್ಕೊಂಡು ಬಾ" ಎಂದಳು. ಮೆಟ್ಟಿಲಿಳಿಯುವ ಸದ್ದು ಸ್ವಲ್ಪ ಹೊತ್ತು ಕೇಳಿಸಿತು. ಒಂದೂಕಾಲಿನ ಬಸ್ಸಿಗೆ ಅವಳು ಸರಿಯಾಗಿ ತಲುಪುತ್ತಾಳೆ ಎಂದು ಅವನು ಲೆಕ್ಕ ಹಾಕಿದ.

ಮೂರು ಗಂಟೆಗೆ ಜವಾನ ಮನೆಗೆ ಹೊರಡುವ ಮುಂಚೆ ಟಪಾಲಿನ ಕಟ್ಟು ತಂದು ಮುಂದಿಟ್ಟ. ಎಲ್ಲಕ್ಕಿಂತ ಮೇಲೆ ಅಕ್ಕನ ಆದೇಶದ ಕಚೇರಿ ಪ್ರತಿ. ಅವನು ಕಟ್ಟಿನಿಂದ ಅದೊಂದನ್ನು ಬೇರೆ ಮಾಡಿ ತನ್ನ ಮೇಜಿನ ಖಾನೆಯ ತನಕ ಒಯ್ದ. "ಸಂಜೆ ಫೋನಿನಲ್ಲಿ ಕೇಳ್ತೀನಿ ಅಂದಿದ್ದಾರೆ ಸಾರ್ ದೊಡ್ಡ ಸಾಹೇಬ್ರು, ಹೋಯ್ತಾ ಅಂತ" ಎಂದ ಜವಾನ, ಹೆಬ್ಬೆರಳಿನಿಂದ ಮೂಗು ಒರೆಸಿಕೊಳ್ಳುತ್ತ. ಕಾಗದ ಮತ್ತೆ ಮೇಜಿನ ಮೇಲೆ ಬಂತು. ಕೆಳಗೆ 'ಸ್ಥಳ ಪರಿಶೀಲಿಸಲಾಗಿದೆ, ಕ್ರಮ ಸರಿಯಾಗಿದೆ' ಎಂಬ ಸಾಲು, ಅದರ ಪಕ್ಕದಲ್ಲಿ ಖಾಲಿ ಜಾಗ. ಪೆನ್ನು ಬಲಗೈಗೆ ಬಂತು, ಎಡಗೈ ಕನ್ನಡಕ ಏರಿಸಲು ತಾನಾಗಿಯೇ ಮೇಲೆದ್ದಿತು. ಅವನು ಅದನ್ನು ತಡೆದ. ಕನ್ನಡಕವನ್ನು ಮೂಗಿನ ಮೇಲೆ ಗಟ್ಟಿಯಾಗಿ ಒತ್ತಿ ಕೂರಿಸಿ, ಅಕ್ಕ ಓದಿದ ಹಾಗೆಯೇ ಮೊದಲಿನಿಂದ ಕೊನೆಯವರೆಗೆ ಒಂದೊಂದೇ ಸಾಲು ಓದಿದ. ಅಕ್ಷರಗಳೆಲ್ಲ ನಿಚ್ಚಳವಾಗಿ ಕಾಣುತ್ತಿದ್ದವು. ಆಮೇಲೆ ಸಹಿ ಹಾಕಿದ.